ವೀರಗಲ್ಲಿನವನೊಬ್ಬನಿಗೇ ಎಣ್ಣೆ

ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ತಿಕೋಟಾದ ನಮ್ಮ ಪಕ್ಕದ ಮನೆಯಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಇದ್ದರು. ಸಂಜೆ ಕಟ್ಟೆಯ ಮೇಲೆ ಕೂತು ಕಾದಂಬರಿ ಬರೆಯುತ್ತಿದ್ದರು. ಊರ ಹೊರಗಿನ ವೀರಗಲ್ಲಿನಲ್ಲಿ ಕೆತ್ತಿದ ಯೋಧನನ್ನು ಹುಡುಗಿಯೊಬ್ಬಳು ಪ್ರೀತಿಸುವ ಕಥೆ ಅದು. ಬರೆದಷ್ಟನ್ನೂ ನನಗೆ ಓದಿ ಹೇಳುವರು. ನಾನು ನಕ್ಕರೆ ಪೆನ್ನಿನ ಟೊಪ್ಪಿಗೆಯಿಂದ ಮೊಣಕೈ ತಿವಿದು, "ನಗು ಬೇ, ನನಗೇನಾತು?" ಅನ್ನುವರು.

ಆ ಕಲ್ಲಿನಲ್ಲಿ, ಸತ್ತ ಯೋಧನ ತೋಳು ಹಿಡಿದು ಇಬ್ಬರು ಅಪ್ಸರೆಯರು ಸ್ವರ್ಗಕ್ಕೆ ಒಯ್ಯುತ್ತಾರೆ. ಅಮಾವಾಸ್ಯೆಗೆ ಓಣಿಯ ಹೆಂಗಸರು ಇಡೀ ಕಲ್ಲಿಗೆ ಎಣ್ಣೆ ಹಚ್ಚುತ್ತಿದ್ದರು. ಅಕ್ಕೋರ ಸರದಿ ಬಂದಾಗ ಅವನೊಬ್ಬನಿಗೇ ಹಚ್ಚಿದರು. ಅವನು ಕರ್ರಗೆ ಮಿಂಚಿದ. ಅಪ್ಸರೆಯರು ಬೂದಿಬಣ್ಣದಲ್ಲೇ ಉಳಿದರು.

"ಅವ್ರೇನ್ ತಪ್ಪ ಮಾಡ್ಯಾರ್ರಿ ಅಕ್ಕೋರ?" ಎಂದೆ.

"ಮೊದ್ಲ ಅವನ ಕೈ ಬಿಡ್ಲಿ, ಆಮ್ಯಾಲ ನೋಡೋಣು."

ಬರೆದು ಮುಗಿದ ಮೇಲೆ ಹಾಳೆಗಳನ್ನು ವಿಜಾಪುರದ ಸೊಲ್ಲಾಪುರ ರಸ್ತೆಯ ಒಂದು ಮುದ್ರಣಾಲಯಕ್ಕೆ ಕೊಟ್ಟರು. ಕೆಲವು ದಿನ ಬಿಟ್ಟು ಕೇಳಲು ಹೋದಾಗ ನಾನೂ ಜೊತೆಗಿದ್ದೆ.

"ಛಲೋ ಬರದೀರಿ," ಎಂದರು ಮಾಲೀಕರು. "ಕಡೀಕ ಆ ಹುಡಿಗೀದು ಲಗ್ನ ಒಂದ್ ಮಾಡಿಬಿಡ್ರಿ. ನಾಳೇನ ಅಚ್ಚಿಗೆ ಹಾಕ್ತೇನಿ."

"ಯಾರ ಜೋಡಿ?"

"ಜೀವಂತ ಇರಾಂವ ಯಾರರೆ ಆಗ್ಲಿ ಬಿಡ್ರಿ."

ಅಕ್ಕೋರು ಹಾಳೆಗಳನ್ನು ಎತ್ತಿಕೊಂಡರು. "ಯಾರರೆ ಆಗೂದಿದ್ರ ಆಕಿ ಕಲ್ಲಿನ ತನಕ ಯಾಕ ಹೋಗ್ತಿದ್ಲ್ರಿ?"

ಕಾದಂಬರಿ ಅಚ್ಚಾಗಲಿಲ್ಲ. ಹೋದ ತಿಂಗಳು ಅಕ್ಕೋರೂ ತೀರಿಕೊಂಡರು. ಮಣ್ಣಿಗೆ ಬಂದವರೊಬ್ಬರು, "ಪಾಪ, ಲಗ್ನಾನೂ ಆಗ್ಲಿಲ್ಲ, ಪುಸ್ತಕಾನೂ ಬರ್ಲಿಲ್ಲ," ಎಂದು ಮರುಗಿದರು.

"ಪಾಪ ಅನಬ್ಯಾಡ್ರಿ," ಎಂದೆ. "ಪುಸ್ತಕ ಪೂರಾ ಆಗೇತಿ. ನಾ ಕೇಳೀನಿ."