ಭೂಕಂಪ ಬಂದು ಹೋಗುವವರೆಗೆ

ವೈಜನಾಥ ಮಾಸ್ತರರು ಯಾರ ಮನೆಗೆ ಹೋದರೂ ಮೊದಲು ಮಾಳಿಗೆಯ ತೊಲೆ ನೋಡುತ್ತಿದ್ದರು, ಆಮೇಲೆ ಮನೆಯವರ ಮುಖ. ಚಹಾ ಕುಡಿಯುವುದು ಹೊಸ್ತಿಲಲ್ಲಿ, ಒಂದು ಕಾಲು ಹೊರಗಿಟ್ಟುಕೊಂಡೇ.

ಅವರು ಬಸವಕಲ್ಯಾಣದಲ್ಲಿ ಭೂಗೋಳ ಕಲಿಸುತ್ತಿದ್ದರು. ತೊಂಬತ್ಮೂರರಲ್ಲಿ ಗಡಿಯಾಚೆಯ ಕಿಲ್ಲಾರಿ ಊರು ಭೂಕಂಪಕ್ಕೆ ನೆಲಸಮವಾದಾಗ ನಮ್ಮ ಕಡೆಯ ಗೋಡೆಗಳೂ ಅಲುಗಿದವು. ಊರಿಗೆ ಊರೇ ಕೆಲವು ವಾರ ಅಂಗಳದಲ್ಲಿ ಮಲಗಿ, ಮತ್ತೆ ಒಳಗೆ ಹೋಯಿತು. ಮಾಸ್ತರರು ಹೋಗಲಿಲ್ಲ. ಕಲ್ಲುಮಣ್ಣಿನ ಮನೆಗೆ ಬೀಗ ಹಾಕಿ, ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿಸಿ, ಹೆಂಡತಿ ಕಾಶಿಬಾಯಿಯನ್ನೂ ಅಲ್ಲಿಗೆ ಕರೆತಂದರು. “ಇನ್ನೊಂದು ಬರೋದದ. ಅದು ಬಂದ್ ಹೋಗ್ಲಿ, ಆಮ್ಯಾಲ ಒಳಗ ಹೋಗೋಣ” ಎಂಬುದು ಅವರ ಕರಾರು.

ಅದು ಬರಲಿಲ್ಲ. ಬೇಸಿಗೆಗಳು ಬಂದವು. ತಗಡಿನಡಿ ಕಾಶಿಬಾಯಿಯವರ ಮೈತುಂಬ ಬೆವರುಗುಳ್ಳೆ. ಹುಮನಾಬಾದಿನಲ್ಲಿ ವರದಿಗಾರನಾಗಿದ್ದ ನಾನು ಹೋದಾಗಲೆಲ್ಲ ಅವರದು ಒಂದೇ ಪ್ರಶ್ನೆ: “ತಮ್ಮಾ, ನಿಮ್ಮ ಪೇಪರಿನಾಗ ಏನರ ಬಂದದೇನು, ಭೂಕಂಪ ಮುಗೀತಂತ?” ಅಂಥ ಪ್ರಕಟಣೆ ನಮ್ಮ ಕಚೇರಿಗೆ ಎಂದೂ ಬರಲಿಲ್ಲ.

ಮಾಸ್ತರರ ಮುನ್ಸೂಚನೆಗಳನ್ನು ನಾವು ಅಚ್ಚು ಹಾಕುತ್ತಿರಲಿಲ್ಲ. ಓಣಿಗೆ ಅವು ಪತ್ರಿಕೆಗಿಂತ ಮೊದಲೇ ತಲುಪುತ್ತಿದ್ದವು. ಕಬ್ಬಿನ ಲಾರಿ ಗಡಗಡಿಸಿ ಹೋದರೂ ಅರ್ಧ ಓಣಿ ಮಕ್ಕಳನ್ನೆತ್ತಿಕೊಂಡು ಹೊರಗೆ ನಿಲ್ಲುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಮಧ್ಯಾಹ್ನ ಅವರು ವಿಜ್ಞಾನ ಪುರವಣಿಯೊಂದನ್ನು ಹಿಡಿದು ಖುಷಿಯಲ್ಲಿದ್ದರು. ಸಮುದ್ರದ ಅಂಚಿನಲ್ಲಿ ಭೂಮಿಯ ಒಂದು ಫಲಕ ಇನ್ನೊಂದರ ಕೆಳಗೆ ತೂರುವ ಕಡೆ, ಅದು ಕೆಲವೊಮ್ಮೆ ವಾರಗಟ್ಟಲೆ ಸದ್ದಿಲ್ಲದೆ ಜಾರುತ್ತದೆ. ಮೇಲಿದ್ದವರಿಗೆ ತಿಳಿಯುವುದೇ ಇಲ್ಲ. ಆಗ ಸುತ್ತಲಿನ ಸಣ್ಣ ಕಂಪನಗಳು ಹೆಚ್ಚಬಹುದು ಎಂದು ಅದರಲ್ಲಿತ್ತು. ನಮ್ಮ ನೆಲ ಅಂಥ ಅಂಚಿನಿಂದ ಬಹುದೂರ ಎಂದೆ.

“ಭೂಮಿ ಒಂದೇ ಅಲ್ಲೇನಪಾ? ಇಲ್ಲೂ ಜಾರಾಕತ್ತದ. ನಮಗ ತಿಳಿವಲ್ದು.”

ರೊಟ್ಟಿ ಬಡಿಯುತ್ತಿದ್ದ ಕಾಶಿಬಾಯಿ ಕೈ ನಿಲ್ಲಿಸಿದರು. “ಅಂದ್ರ ನಿಮ್ಮ ಭೂಕಂಪ ಬಂದ್ ಹೋದ್ರೂ ನಮಗ ತಿಳಿಯಂಗಿಲ್ಲ?”

“ತಿಳಿಯಂಗಿಲ್ಲ.”

“ಹಂಗಾದ್ರ ಹೋಗ್ಯದ. ಕೀಲಿ ಕೊಡ್ರಿ.”

ಮಾಸ್ತರರು ಗಡಿಬಿಡಿಯಲ್ಲಿ ಪುಟ ತಿರುವಿದರು. “ಏ, ಪೂರಾ ಕೇಳು. ಒಂದ್ ಕಡಿ ಜಾರಿದ್ರ ಭಾರ ಬಾಜೂ ಜಾಗಕ್ಕ ಬೀಳ್ತದ. ಖರೇ ಅಪಾಯ ಅಲ್ಲೇ ಅದ.”

“ಮನಿ ಬಾಜೂಕ ಏನದರಿ? ಈ ಶೆಡ್ಡೇ ಅಲ್ಲೇನು?”

ಮಾಸ್ತರರು ತಲೆಯೆತ್ತಿ ತಗಡು ನೋಡಿದರು. ಸಂಜೆಯೊಳಗೆ ಹಾಸಿಗೆ ಮನೆಯೊಳಗೆ ಹೋಯಿತು. ಶೆಡ್ಡಿಗೆ ಎಮ್ಮೆ ಬಂತು.

ಕೆಲವು ವರ್ಷಗಳ ನಂತರ ಮಾಸ್ತರರು ಆ ಮನೆಯಲ್ಲೇ ಎದೆನೋವಿನಿಂದ ತೀರಿಕೊಂಡರು. ಕಾಶಿಬಾಯಿಯವರನ್ನು ಮಾತನಾಡಿಸಲು ಬಂದ ಹಳೆಯ ಶಿಷ್ಯರೆಲ್ಲ ಬಿಸಿಲಲ್ಲಿ, ಅಂಗಳದಲ್ಲೇ ನಿಂತಿದ್ದರು. ಕಲ್ಲುಮಣ್ಣಿನ ಗೋಡೆಯ ಬಗ್ಗೆ ಅವರಿಗೆ ಪಾಠ ಅಷ್ಟು ಚೆನ್ನಾಗಿ ಆಗಿತ್ತು.

ಕಾಶಿಬಾಯಿ ಬಾಗಿಲಿಗೆ ಬಂದರು. “ಒಳಗ ಬರ್ರಿ. ಅಂಜಿಸೋರು ಹೋದ್ರು.”

ಯಾರೂ ಕದಲಲಿಲ್ಲ. ಕಾಶಿಬಾಯಿ ಮತ್ತೆ ಕರೆಯಲಿಲ್ಲ. ಒಳಗೆ ಹೋಗಿ, ಆ ತಂಪಿನಲ್ಲಿ ಒಬ್ಬರೇ ಕುಳಿತರು.