ಶೂಟಿಂಗಣ್ಣನ ಸ್ವರ

ಕಳೆದ ತಿಂಗಳು ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಳಿಯ ಒಂದು ಕರಡಿಯನ್ನು ಕರೆಸಿದ್ದ. ಕರಡಿಯೆಂದರೆ ವೇಷದ ಕರಡಿ. ಒಂದು ಗಂಟೆ ಕುಣಿದು, ಮಕ್ಕಳ ಕೈ ಕುಲುಕಿ ಹೋಗುವಂಥದ್ದು. ನಮ್ಮ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ಫ್ಯಾನು ತಿರುಗುತ್ತಿದ್ದರೂ ವಿಪರೀತ ಸೆಕೆ. ಕೇಕ್ ಕತ್ತರಿಸಿ ಆದಮೇಲೆ ಆ ಕರಡಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತು, ತಲೆಯನ್ನು ಕಳಚಿ ತೊಡೆಯ ಮೇಲೆ ಇಟ್ಟುಕೊಂಡಿತು. ಒಳಗಿನಿಂದ ಬೆವರು, ಬಿಸಿ ರಬ್ಬರು, ಅದರ ಮೇಲೆ ಟಾಲ್ಕಂ ಪೌಡರು, ಎಲ್ಲ ಸೇರಿದ ವಾಸನೆ ಗಪ್ಪನೆ ಬಂದು ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಸಮೋಸವನ್ನು ಹಾಗೇ ಕೆಳಗಿಟ್ಟೆ. ಇಪ್ಪತ್ತು ವರ್ಷದ ಮೇಲಾಗಿತ್ತು ಆ ವಾಸನೆ ಸಿಗದೆ...

ಅದು ಶೂಟಿಂಗಣ್ಣನ ವೇಷದ ಚೀಲದ ವಾಸನೆ.

ಡೊಂಬಿವಲಿ ಪೂರ್ವದಲ್ಲಿ ನಾವು ಮೊದಲಿದ್ದ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ನಾವು ಮೂರನೇ ಮಾಳಿಗೆ, ಅವರು ನೆಲ ಅಂತಸ್ತು. ನಮ್ಮ ಉಡುಪಿ ಕಡೆಯವರೇ, ನನಗಿಂತ ಹತ್ತು ವರ್ಷ ದೊಡ್ಡವರು, ಒಬ್ಬರೇ ಇದ್ದರು. ಸಿನಿಮಾ, ಸೀರಿಯಲ್ಲು ಎಂದು ಶೂಟಿಂಗಿಗೆ ಹೋಗುತ್ತಿದ್ದರಿಂದ ನಮ್ಮವರು ಯಾರೋ ‘ಶೂಟಿಂಗಣ್ಣ’ ಎಂದು ಶುರು ಮಾಡಿದ್ದು, ಕೊನೆಗೆ ಮರಾಠಿಯವರು, ಗುಜರಾತಿಯವರು ಕೂಡ ಅದನ್ನೇ ಹೆಸರು ಎಂದುಕೊಂಡಿದ್ದರು. ನಿಂತರೆ ನನ್ನ ಸೊಂಟದ ಹತ್ತಿರ ಬರುತ್ತಿದ್ದರು. ಹುಟ್ಟಿನಿಂದ ಬಂದ ಮೈಕಟ್ಟು ಅದು.

ಆದರೆ ಸ್ವರ! ಅಬ್ಬಬ್ಬ, ಆ ಸ್ವರವನ್ನು ಹೇಗೆ ಹೇಳಲಿ? ದೊಡ್ಡ ತಾಮ್ರದ ಹಂಡೆಯೊಳಗೆ ಬಗ್ಗಿ ಮಾತಾಡಿದ ಹಾಗೆ. ಒಮ್ಮೆ ಬೆಳಗ್ಗಿನ ಲೋಕಲ್ ರೈಲಿನಲ್ಲಿ ಅವರ ಜೊತೆ ಹೋಗಿದ್ದೆ. ಜನ ಉಸಿರಾಡಲು ಜಾಗವಿಲ್ಲದಂತೆ ತುಂಬಿದ್ದರು. ಇವರು ಕೆಳಗಿನಿಂದ ‘ಜರಾ ಸರಕೋ, ಭಾಯ್’ ಎಂದರು ನೋಡಿ, ಅಷ್ಟೂ ಜನ ತಟ್ಟನೆ ಸರಿದು, ಮಾತಾಡಿದ ದೊಡ್ಡ ಆಸಾಮಿ ಎಲ್ಲಿದ್ದಾನೆಂದು ತಲೆಯೆತ್ತಿ ಹುಡುಕಿದರು. ಆಮೇಲೆ ಒಬ್ಬೊಬ್ಬರೇ ಕೆಳಗೆ ನೋಡಿದರು. ಶೂಟಿಂಗಣ್ಣ ನನಗೆ ಕಣ್ಣು ಹೊಡೆದರು.

ಅವರು ಮಾಡಿದ ಪಾತ್ರಗಳ ಪಟ್ಟಿ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಕರಡಿ, ಮಂಗ, ಸರ್ಕಸ್ಸಿನ ಜೋಕರ್, ಬೇರೆ ಗ್ರಹದಿಂದ ಬಂದ ಹಸಿರು ಜೀವಿ, ಮಂತ್ರವಾದಿಯ ಬಾಲಂಗೋಚಿ. ಎತ್ತರದ ಮದುಮಗಳ ಪಕ್ಕ ನಿಲ್ಲಿಸಿ ಜನರನ್ನು ನಗಿಸುವ ಮದುಮಗ ಅಂತೂ ನಾಲ್ಕು ಸಲ. ಇದಲ್ಲದೆ ಸಿನಿಮಾದಲ್ಲಿ ಮಕ್ಕಳು ಮರದಿಂದ ಬಿದ್ದರೆ, ನೀರಿಗೆ ಹಾರಿದರೆ, ಆ ಮಗುವಿನ ಅಂಗಿ ಹಾಕಿಕೊಂಡು ಬೀಳುವವರು, ಹಾರುವವರು ಇವರೇ. ನಲವತ್ತೈದು ದಾಟಿದ ಮೇಲೂ ಏಳು ವರ್ಷದ ಮಗುವಿನ ಬದಲು ಬೀಳುತ್ತಿದ್ದರು. ಕೆಲಸದ ಬಗ್ಗೆ ಅವರಿಗೆ ನಾಚಿಕೆ ಇರಲಿಲ್ಲ. ‘ಬೀಳುವುದಕ್ಕೂ ಒಂದು ವಿದ್ಯೆ ಉಂಟು ಮಾರಾಯ, ನೀನು ಬೀಳು ನೋಡುವ’ ಎನ್ನುತ್ತಿದ್ದರು.

ಒಂದು ಸೀರಿಯಲ್ಲಿನಲ್ಲಿ ಮಾತಿರುವ ಪಾತ್ರ ಸಿಕ್ಕಿತು. ಮಾತು ಎಂದರೆ ನಾಲ್ಕಾರು ಸಾಲು, ಅರಮನೆಯ ವಿದೂಷಕ. ಇಡೀ ಕಟ್ಟಡವೇ ಅವರ ಮನೆಯಲ್ಲಿ ಟೀವಿ ಮುಂದೆ ಸೇರಿತ್ತು. ಪರದೆಯ ಮೇಲೆ ಅವರು ಬಂದರು, ಬಾಯಿ ತೆರೆದರು, ಹೊರಗೆ ಬಂದದ್ದು ಕೀರಲು ಸ್ವರ! ಅವರ ಬಾಯಿಗೆ ಬೇರೆ ಯಾರದೋ ಕೀಚುಗಂಟಲನ್ನು ಅಂಟಿಸಿದ್ದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ದೊಡ್ಡವರೂ ನಕ್ಕೆವು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಶೂಟಿಂಗಣ್ಣ ಕೂಡ ನಗುತ್ತಲೇ ಎಲ್ಲರಿಗೂ ಚಹಾ ಮಾಡಲು ಒಳಗೆ ಹೋದರು.

ಚಹಾದ ಲೋಟ ತರಲು ಹಿಂದೆಯೇ ಹೋದವನು ಕೇಳಿದೆ, ನಿಮ್ಮ ಸ್ವರ ಎಲ್ಲಿ ಎಂದು. ಸ್ಟೂಲಿನ ಮೇಲೆ ನಿಂತು ಹಾಲು ಉಕ್ಕದಂತೆ ನೋಡಿಕೊಳ್ಳುತ್ತಿದ್ದವರು ತಿರುಗಲಿಲ್ಲ.

‘ಗಿಡ್ಡನಿಗೆ ಇಷ್ಟು ದೊಡ್ಡ ಸ್ವರ ಕೊಟ್ಟರೆ ಜನ ನಂಬುವುದಿಲ್ಲ ಅಂತೆ. ಪ್ರತಿ ಸಲವೂ ಹೀಗೇ. ಒಂದು ಸಲ, ಒಂದೇ ಒಂದು ಸಲ, ನಾಲ್ಕು ಜನರ ಎದುರು ನನ್ನ ಸ್ವರದಲ್ಲಿ ಒಂದು ದೊಡ್ಡ ಪಾತ್ರದ ಮಾತಾಡಿ ಸಾಯಬೇಕು ಅಂತ ಉಂಟು. ನೋಡುವ...’

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಅದಕ್ಕೊಂದು ದಾರಿ ನನ್ನ ಕೈಯಲ್ಲೇ ಇತ್ತು.

ನಮ್ಮ ಊರಿನವರು ಸೇರಿ ಡೊಂಬಿವಲಿಯಲ್ಲಿ ಒಂದು ತಾಳಮದ್ದಳೆ ಕೂಟ ನಡೆಸುತ್ತಿದ್ದೆವು. ವಾರವಿಡೀ ಮಹಾಪೆಯ ಕಂಪನಿಯಲ್ಲಿ ನಟ್ಟು ಬೋಲ್ಟು ಎಣಿಸುವ ನಾನು ಅದರ ಕಾರ್ಯದರ್ಶಿ. ತಾಳಮದ್ದಳೆ ಎಂದರೆ ಯಕ್ಷಗಾನದ್ದೇ ಪ್ರಸಂಗ. ಆದರೆ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ, ಅರ್ಥ ಹೇಳುವವರು ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ. ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ತಡವರಿಸಿದರೆ ಮುಗಿಯಿತು, ಸಭೆಯ ಎದುರು ಮಾನ ಹರಾಜು. ಶೂಟಿಂಗಣ್ಣ ಪ್ರತಿ ಕೂಟಕ್ಕೂ ಬಂದು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು.

ಆ ವರ್ಷ ಆರಿಸಿದ್ದು ಮೂರು ಹೆಜ್ಜೆಯ ಪ್ರಸಂಗ. ಪುಟ್ಟ ವಟುವೊಬ್ಬ ಬಂದು ಚಕ್ರವರ್ತಿಯ ಹತ್ತಿರ ಮೂರು ಹೆಜ್ಜೆ ನೆಲ ಬೇಡುತ್ತಾನೆ. ಎರಡು ಹೆಜ್ಜೆಗೆ ಭೂಮಿ, ಆಕಾಶ ಮುಗಿದು, ಮೂರನೆಯದಕ್ಕೆ ಚಕ್ರವರ್ತಿ ತನ್ನ ತಲೆಯನ್ನೇ ಒಡ್ಡುತ್ತಾನೆ. ಶೂಟಿಂಗಣ್ಣನನ್ನು ಕೇಳದೆಯೇ ವಟುವಿನ ಎದುರು ಅವರ ಹೆಸರು ಹಾಕಿ ಆಮಂತ್ರಣ ಅಚ್ಚು ಮಾಡಿಸಿಬಿಟ್ಟೆ. ಎಂಥ ಬುದ್ಧಿವಂತ ನಾನು! ಉಪಕಾರ ಮಾಡಿದ ಹುಮ್ಮಸ್ಸಿನಲ್ಲಿ ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದು ಅವರ ಕೈಗೆ ಕಾಗದ ಕೊಟ್ಟೆ.

ಓದಿದರು. ಮಡಿಸಿದರು.

‘ನೀನೂ ಟೇಪು ಹಿಡಿದುಕೊಂಡೇ ಬಂದದ್ದಾ?’

ಯಾವ ಟೇಪು ಎಂದು ಕೇಳಿದೆ, ಪೆದ್ದನ ಹಾಗೆ.

‘ಅಳೆಯುವ ಟೇಪು ಮಾರಾಯ. ಸಿನಿಮಾದವರಿಗಾದರೆ ಕ್ಯಾಮರಾ ಉಂಟು, ಅವರ ಕಷ್ಟ ಅವರಿಗೆ. ನಿಮಗೆ ಎಂಥ ಉಂಟು? ಕಣ್ಣು ಮುಚ್ಚಿಯೂ ಕೇಳುವ ಆಟ ಅಲ್ವಾ ಇದು? ಇಲ್ಲಿ ಕೂಡ ನಾನು ಗಿಡ್ಡನೇ ಆಗಬೇಕಾ?’

ಆ ಕ್ಷಣ ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ವೇಷವೇ ಇಲ್ಲದ ಕಲೆಯಲ್ಲೂ ನಾನು ಅವರ ಎತ್ತರ ನೋಡಿ ಪಾತ್ರ ಹಂಚಿದ್ದೆ. ಏನು ಬೇಕು ಹೇಳಿ ಎಂದೆ. ‘ರಾಜ’ ಎಂದರು, ಅಷ್ಟೇ.

ಇಲ್ಲಿ ಶುರುವಾಯಿತು ನನ್ನ ಪೀಕಲಾಟ. ರಾಜನ ಅರ್ಥ ಮೂವತ್ತು ವರ್ಷದಿಂದ ಕಲ್ಯಾಣದ ಹೋಟೆಲ್ ಧಣಿಗಳದ್ದು. ಆರಡಿ ಆಳು, ಮಾತಿನಲ್ಲಿ ಹುಲಿ. ನಮ್ಮ ಕೂಟಕ್ಕೆ ಊಟವೂ ಅವರ ಹೋಟೆಲಿನಿಂದಲೇ ಬರುವುದು. ಹೋಗಿ ವಿಷಯ ಹೇಳಿದೆ. ಗಲ್ಲಾದ ಹಿಂದೆ ಕೂತಿದ್ದವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

‘ಆ ಜೋಕರ್ ರಾಜನಾ? ತಮಾಷೆ ಮಾಡ್ತೀಯಾ?’ ಎಂದರು. ಮತ್ತೆ ಕನ್ನಡಕ ಏರಿಸಿಕೊಂಡು, ‘ಆಯ್ತು, ರಾಜ ಅವನೇ ಆಗಲಿ. ವಟು ನಾನು. ಎದುರು ಕೂತು ಎಷ್ಟು ಹೊತ್ತು ನಿಲ್ಲುತ್ತಾನೆ ನೋಡುವ’ ಎಂದರು.

ಊಟಕ್ಕೆ ಬಂದ ಗಂಡಾಂತರವೇನೋ ತಪ್ಪಿತು. ಆದರೆ ಅವರು ಎದುರಾಳಿಯನ್ನು ಹೇಗೆ ಹಣಿಯುತ್ತಾರೆಂದು ಕಣ್ಣಾರೆ ಕಂಡವನು ನಾನು. ಇಷ್ಟು ವರ್ಷದ ಆಸೆ ಸಭೆಯ ನಡುವೆ ನಗೆಪಾಟಲಾಗಿ ಹೋದರೆ ಆ ಪಾಪ ನನ್ನ ತಲೆಗೆ. ಶೂಟಿಂಗಣ್ಣನಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವರು ಪೌಡರ್ ಡಬ್ಬಿಯನ್ನು ಚೀಲಕ್ಕೆ ತುರುಕುತ್ತಾ, ‘ಒಳ್ಳೆಯದಾಯ್ತು. ಅವರಲ್ಲದೆ ಬೇರೆಯವರಾದರೆ ಕನಿಕರಕ್ಕೆ ಸೋಲುತ್ತಿದ್ದರು’ ಎಂದರು.

ಆ ಭಾನುವಾರ ಮಧ್ಯಾಹ್ನ ಹಳಿ ದುರಸ್ತಿಯ ಮೆಗಾಬ್ಲಾಕ್, ಲೋಕಲ್ಲುಗಳು ಕುಂಟುತ್ತಿದ್ದವು. ಆದರೂ ಶಾಲೆಯ ಹಾಲ್‌ನಲ್ಲಿ ಅರುವತ್ತು ಎಪ್ಪತ್ತು ಜನ ಸೇರಿದ್ದರು. ಶೂಟಿಂಗಣ್ಣ ಪಂಚೆ ಎತ್ತಿಕಟ್ಟಿ ಕುರ್ಚಿಗೆ ಹತ್ತುವಾಗ ಹಿಂದಿನಿಂದ ಕಿಸಕ್ಕೆಂದು ಒಂದು ನಗು. ಕಾಲು ನೆಲ ಮುಟ್ಟದೆ ತೂಗಾಡುತ್ತಿತ್ತು. ನಾನು ಮೊದಲೇ ತಂದಿಟ್ಟಿದ್ದ ಕಾಲುಮಣೆಯನ್ನು ಮುಂದೆ ತಳ್ಳಿದೆ. ಬೇಡವೆಂದು ಕೈಸನ್ನೆ ಮಾಡಿದರು.

ಭಾಗವತರು ಪದ ಮುಗಿಸಿದರು. ಶೂಟಿಂಗಣ್ಣ ಕಣ್ಣು ಮುಚ್ಚಿ, ತೆರೆದು, ಮಾತು ಶುರು ಮಾಡಿದರು.

ಮೊದಲ ವಾಕ್ಯಕ್ಕೇ ಸಭೆ ನೆಟ್ಟಗೆ ಕೂತಿತು. ಮೈಕಿನವನು ಗಾಬರಿಯಿಂದ ಎದ್ದು ಸದ್ದು ತಗ್ಗಿಸಿದ. ಚಪ್ಪರ, ಯಜ್ಞಕುಂಡ, ಹೊಗೆ, ಸಾಲುಗಟ್ಟಿ ನಿಂತ ಯಾಚಕರು ಎಲ್ಲ ಆ ಶಾಲೆಯ ಬೆಂಚುಗಳ ನಡುವೆ ಎದ್ದು ನಿಂತವು. ಹದಿನೇಳು ವರ್ಷ ರಬ್ಬರಿನ ತಲೆಯೊಳಗೆ ಬಾಯಿ ಮುಚ್ಚಿ ಕೂತಿದ್ದ ಮನುಷ್ಯ ಅಷ್ಟೂ ಮಾತನ್ನು ಎಲ್ಲಿ ಕೂಡಿಟ್ಟುಕೊಂಡಿದ್ದರೋ ದೇವರಿಗೇ ಗೊತ್ತು. ತೂಗಾಡುತ್ತಿದ್ದ ಕಾಲು ಯಾವಾಗ ನನ್ನ ಕಣ್ಣಿಗೆ ಬೀಳುವುದು ನಿಂತಿತೋ ನೆನಪಿಲ್ಲ.

ಧಣಿಗಳು ಬಿಡುವ ಪೈಕಿಯಲ್ಲ. ಧರ್ಮದಲ್ಲಿ ಹಿಡಿದರು, ದಾನದಲ್ಲಿ ಹಿಡಿದರು. ಎಲ್ಲಕ್ಕೂ ಉತ್ತರ ಬಂದಾಗ ಮೀಸೆಯಂಚಿನಲ್ಲಿ ನಗುತ್ತಾ ಕೊನೆಯ ಬಾಣ ಬಿಟ್ಟರು: ‘ರಾಜಾ, ನನ್ನಷ್ಟು ಸಣ್ಣ ಆಕಾರದವನನ್ನು ನೀನು ಹಿಂದೆಲ್ಲಾದರೂ ನೋಡಿದ್ದುಂಟೋ?’

ವಟುವಿನ ಮಾತೇ ಅದು, ತಪ್ಪು ಹಿಡಿಯುವ ಹಾಗಿಲ್ಲ. ಆದರೆ ಚುಚ್ಚಿದ್ದು ಯಾರಿಗೆಂದು ಸಭೆಯಲ್ಲಿ ಎಲ್ಲರಿಗೂ ಗೊತ್ತು. ಹಿಂದಿನಿಂದ ಮತ್ತೆ ಆ ಕಿಸಕ್ ಕೇಳಿಸಿತು. ನನಗೆ ಎದ್ದು ಹೋಗಿಬಿಡೋಣ ಅನಿಸಿತು.

ಶೂಟಿಂಗಣ್ಣ ಅವಸರ ಮಾಡಲಿಲ್ಲ. ‘ಸಣ್ಣವರನ್ನು ಬಹಳ ನೋಡಿದ್ದೇನೆ, ವಟುವೇ. ಅವರೆಲ್ಲ ನನ್ನ ಬಾಗಿಲಿಗೆ ಬಂದು ದೊಡ್ಡ ದೊಡ್ಡದನ್ನು ಬೇಡಿದವರು. ಇಷ್ಟು ಸಣ್ಣದನ್ನು ಬೇಡಿದವನು ನೀನೊಬ್ಬನೇ. ಆದ್ದರಿಂದಲೇ ನೀನು ಸಣ್ಣವನಲ್ಲವೆಂದು ನನಗೆ ತಿಳಿದುಹೋಯಿತು’ ಎಂದರು.

ಮದ್ದಳೆಯವರು ತಮಗೆ ಅರಿವಿಲ್ಲದೆಯೇ ಒಂದು ಪೆಟ್ಟು ಹಾಕಿದರು. ಧಣಿಗಳ ನಗು ಹಾಗೇ ಇಳಿಯಿತು. ಅಲ್ಲಿಂದ ಮುಂದೆ ಅವರು ಸೋಲಿಸಲು ಮಾತಾಡಲಿಲ್ಲ. ನಿಜವಾಗಿ ಒಬ್ಬ ರಾಜನ ಎದುರು ಮಾತಾಡಿದರು. ಮೂರನೆಯ ಹೆಜ್ಜೆ ಎಲ್ಲಿಡಲೆಂದು ಕೇಳುವಾಗ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು.

‘ಈ ತಲೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ನೋಡಬೇಡ ಸ್ವಾಮಿ’ ಎಂದರು ಶೂಟಿಂಗಣ್ಣ. ‘ಕೊಟ್ಟ ಮಾತಿಗೆ ತಪ್ಪದವನ ತಲೆ ಇದು. ಅಷ್ಟು ಎತ್ತರ ಸಾಕು. ಇಡು.’

ಮಂಗಳ ಹಾಡಿ ಮುಗಿದ ಮೇಲೆ ಧಣಿಗಳು ತಮ್ಮ ಕುರ್ಚಿ ಬಿಟ್ಟು ಬಂದು, ಶೂಟಿಂಗಣ್ಣನ ಎರಡೂ ಕೈ ಹಿಡಿದುಕೊಂಡು, ‘ಇನ್ನು ಆ ಅರ್ಥ ನಿಮ್ಮದೇ. ನಾನಿನ್ನು ಹೇಳುವುದಿಲ್ಲ’ ಎಂದರು. ‘ಅವನು’ ಎನ್ನುತ್ತಿದ್ದವರು ‘ನೀವು’ ಎಂದದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ.

ಆಗ ನನ್ನ ಕಣ್ಣು ಮೇಜಿನ ಕಡೆ ಹೋಯಿತು. ಪ್ರತಿ ಕೂಟವನ್ನೂ ರೆಕಾರ್ಡ್ ಮಾಡುವ ಜವಾಬ್ದಾರಿ ನನ್ನದು. ಹೊಸ ಕ್ಯಾಸೆಟ್ ಹಾಕಿದ ರೆಕಾರ್ಡರ್ ಮುಂದೆಯೇ ಇತ್ತು. ಮೊದಲ ಮಾತಿಗೇ ಬಾಯಿ ಕಳೆದು ಕೂತವನು ಬಟನ್ ಒತ್ತಿರಲೇ ಇಲ್ಲ.

‘ಹೋಗಲಿ ಬಿಡು, ಬರುವ ವರ್ಷ ಮಾಡುವ’ ಎಂದು ಶೂಟಿಂಗಣ್ಣ ನಕ್ಕರು. ಬರುವ ವರ್ಷ ಬರಲಿಲ್ಲ. ಆರು ತಿಂಗಳಲ್ಲಿ ಯಾವುದೋ ಮಗುವಿನ ಬದಲು ಮಾಳಿಗೆಯಿಂದ ಬೀಳುವಾಗ ಬೆನ್ನಿಗೆ ಪೆಟ್ಟಾಯಿತು. ಒಬ್ಬರೇ ಇರುವುದು ಸಾಧ್ಯವಿಲ್ಲದೆ ಬದಲಾಪುರದ ತಂಗಿಯ ಮನೆಗೆ ಹೋದರು. ನಾನು ಎರಡು ಮೂರು ಸಲ ಹೋಗಿ ನೋಡಿದೆ. ಕೂತು ಮಾತಾಡಲು ಆಗುತ್ತಿರಲಿಲ್ಲ, ಉಸಿರು ಸಾಲುತ್ತಿರಲಿಲ್ಲ... ಕೊನೆಯ ಸಲ ಹೋದಾಗ, ಆ ದಿನ ನಾನು ಬಟನ್ ಒತ್ತಬೇಕಿತ್ತು ಎಂದು ಅತ್ತುಬಿಟ್ಟೆ. ಅವರು ಸಣ್ಣ ಸ್ವರದಲ್ಲಿ ಹೇಳಿದರು: ‘ಒಳ್ಳೆಯದೇ ಆಯ್ತು ಮಾರಾಯ. ಅದಕ್ಕೆ ಬೇರೆಯವರ ಸ್ವರ ಅಂಟಿಸಲು ಇನ್ನು ಯಾರಿಗೂ ಆಗುವುದಿಲ್ಲ.’

ಅವರು ಹೋಗಿ ಈಗ ಇಪ್ಪತ್ತು ವರ್ಷ ದಾಟಿತು. ಕಲ್ಯಾಣದ ಧಣಿಗಳೂ ಹೋದರು, ಭಾಗವತರೂ ಹೋದರು. ಆ ಸ್ವರ ಕೇಳಿದವರು ಡೊಂಬಿವಲಿಯಲ್ಲಿ ನಾವು ಹತ್ತಿಪ್ಪತ್ತು ಜನ ಉಳಿದಿದ್ದೇವೆಯೋ ಏನೋ.

ಹುಟ್ಟುಹಬ್ಬದ ಮಾರನೆಯ ಮಧ್ಯಾಹ್ನ ಮೊಮ್ಮಗಳು ಟೀವಿ ಹಾಕಿದಳು. ಆ ಹಳೆಯ ಸೀರಿಯಲ್ಲನ್ನು ಯಾವುದೋ ಚಾನೆಲ್ಲಿನವರು ಈಗಲೂ ತಿರುಗಿಸಿ ತಿರುಗಿಸಿ ಹಾಕುತ್ತಾರೆ. ಅರಮನೆ ಬಂತು, ವಿದೂಷಕ ಬಂದ. ಶೂಟಿಂಗಣ್ಣ ಬಾಯಿ ತೆರೆದರು, ಮತ್ತದೇ ಕೀಚುಗಂಟಲು. ಮಗು ಕೈ ತಟ್ಟಿ ನಕ್ಕಿತು. ಯಾವತ್ತೂ ಮಾಡುವಂತೆ ನಾನು ರಿಮೋಟ್ ತೆಗೆದುಕೊಂಡು ಮ್ಯೂಟ್ ಒತ್ತಿದೆ. ಪರದೆಯ ಮೇಲೆ ಅವರ ತುಟಿ ಅಲ್ಲಾಡುತ್ತಲೇ ಇತ್ತು. ‘ಕೊಟ್ಟ ಮಾತಿಗೆ ತಪ್ಪದವನ ತಲೆ ಇದು’ ಎಂದು ನಾನೇ ದಪ್ಪ ಮಾಡಿ ಹೇಳಲು ನೋಡಿದೆ. ಅಂಥ ಸ್ವರ ನನ್ನ ಗಂಟಲಿನಿಂದ ಎಲ್ಲಿಂದ ಬರಬೇಕು? ಕೆಮ್ಮು ಬಂತು.

ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರಿಸುವ ಹುಡುಗಿ ಅವಳು. ನನ್ನ ಮುಖ ನೋಡಿದಳು, ಟೀವಿ ನೋಡಿದಳು.

‘ಅಜ್ಜಾ, ಆವಾಜ್ ಕುಠೆ ಗೇಲಾ?’

ಸ್ವರ ಎಲ್ಲಿ ಹೋಯಿತು ಎಂದು ಕೇಳುತ್ತಿದ್ದಾಳೆ.