ಗಿರಣಿಯ ರಾಳ

ನಮ್ಮದು ಗೇರಿಲ್ಲದ ಹಳೆಯ ಸ್ಕೂಟರ್. ಅದರ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಚೌಡಾಪುರದಿಂದ ಅಫಜಲಪುರದ ದವಾಖಾನೆಗೆ ಹೊರಟಿದ್ದೆ. ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರ್ ನಿಂತಿತು. ನಾನು ಎಕ್ಸಿಲೇಟರ್ ಬಿಟ್ಟೆ. ಇಂಜಿನ್ನಿನ ಸದ್ದು ಇಳಿಯಿತು. ಗಾಡಿ ಮಾತ್ರ ಯಾರೋ ಹಿಂದಿನಿಂದ ದೂಡಿದ ಹಾಗೆ ಮುಂದಕ್ಕೇ ಸರಿಯಿತು. ಎರಡೂ ಬ್ರೇಕು ಬಿಗಿಯಾಗಿ ಹಿಡಿದಾಗ ಜಗ್ಗಿ, ಇಂಜಿನ್ ಬಂದ್ ಆಗಿ ನಿಂತಿತು. ಕಬ್ಬಿನ ಒಂದು ಗರಿ ನನ್ನ ಕೆನ್ನೆ ಗೀರಿತ್ತು. ಇಳಿದ ಅತ್ತೆ ಮತ್ತೆ ಹತ್ತಲಿಲ್ಲ. ಬಸ್ಸು ಬರುವ ತನಕ ಇಬ್ಬರೂ ರಸ್ತೆಯ ಬದಿಯಲ್ಲಿ ನಿಂತೆವು. ಅವರು ಬಸ್ಸು ಹತ್ತಿದರು; ನಾನು ಗಾಡಿಯನ್ನು ನಿಧಾನವಾಗಿ ಮನೆಗೆ ತಂದೆ.

ಸಂಜೆ ಗಂಡ ಗಿರಣಿಯಿಂದ ಬಂದರು. ಮೈಯೆಲ್ಲ ಜೋಳದ ಹಿಟ್ಟು. ನಡೆದದ್ದು ಕೇಳಿ ಅಂದರು:

"ಗಾಬರ್ಯಾಗಿ ಎಕ್ಸಿಲೇಟರ್ ತಿರುವಿದಿ. ಮತ್ತೇನಿಲ್ಲ."

"ತಿರುವಿಲ್ರಿ. ಬಿಟ್ಟೇನಿ. ಸೌಂಡ್ ಇಳೀತು, ಗಾಲಿ ಬಿಡಲಿಲ್ಲ."

"ಗಾಲಿ ಏನ್ ನಿನ್ನ ಸೆರಗ ಹಿಡಿದಿತ್ತೇನು, ಬಿಡಲಿಲ್ಲ ಅನ್ನಾಕ?"

ಅತ್ತೆ ಒಳಗಿನಿಂದಲೇ ಹೇಳಿದರು: "ಮಾರಿಬಿಡಪ್ಪ ಅದನ್ನ. ನನ್ನ ಜೀವಾ ಹೋಗಿ ಬಂತು."

ನಾನು ಅತಿಥಿ ಶಿಕ್ಷಕಿ. ನನ್ನ ಶಾಲೆಯ ಊರಿಗೆ ಬೆಳಿಗ್ಗೆ ಬಸ್ಸಿಲ್ಲ. ಗಾಡಿ ಹೋದರೆ ಕೆಲಸವೂ ಹೋದಂತೆ. ಅದಕ್ಕಿಂತ ಹೆಚ್ಚಾಗಿ, ನನ್ನ ಕೈ ಏನು ಮಾಡಿತು ಎಂಬುದು ನನಗೆ ಗೊತ್ತಿತ್ತು. ಆದರೂ ಗಂಡ ಮತ್ತೆ ಮತ್ತೆ ಹಾಗೇ ಅಂದಾಗ, ಕತ್ತಲಲ್ಲಿ ಮಲಗಿ ಬಲಗೈ ಮುಷ್ಟಿ ಮಾಡಿ, ತಿರುವಿ, ಬಿಟ್ಟು ನೋಡಿಕೊಂಡೆ.

ಮರುದಿನ ಮಾರುವ ಮಾತಾಡಲು ಗಂಡ ಪರಿಚಯದ ಗಾಡಿ ರಿಪೇರಿ ಮಿಸ್ತ್ರಿಯನ್ನು ಗಿರಣಿಯ ಹತ್ತಿರ ಕರೆಸಿದರು. ನಾನೂ ಹೋಗಿ ನಿಂತೆ. "ಮೊದಲ ಚೆಕ್ ಮಾಡ್ರಿ, ಆಮ್ಯಾಲ ಮಾರೂಣು" ಎಂದೆ.

ಮಿಸ್ತ್ರಿ ನಡು ಸ್ಟ್ಯಾಂಡ್ ಹಾಕಿ ಚಾಲೂ ಮಾಡಿದ. ಯಾರೂ ಎಕ್ಸಿಲೇಟರ್ ಮುಟ್ಟಿರಲಿಲ್ಲ. ಹಿಂದಿನ ಗಾಲಿ ತಿರುಗಿತು.

"ಇಷ್ಟು ತಿರುಗಿದ್ರ ಚಿಂತಿಲ್ಲ. ಬ್ರೇಕ್ ಹಿಡೀರಿ ಅಕ್ಕಾರ, ಗಾಲಿ ನಿಂತು ಇಂಜಿನ್ ನಡೀಬೇಕು."

ಹಿಡಿದೆ. ಗಾಲಿಯ ಜೊತೆ ಇಂಜಿನ್ನೂ ಸತ್ತಿತು. ಇನ್ನೊಮ್ಮೆ ಹಿಡಿದೆ. ಮತ್ತೆ ಹಾಗೇ ಆಯಿತು.

"ಎಕ್ಸಿಲೇಟರ್ ಬಿಟ್ರೂ ಕ್ಲಚ್ ಗಾಲೀನ ಬಿಡವಲ್ದು," ಎಂದ ಮಿಸ್ತ್ರಿ. ಎಡಗಡೆಯ ಮುಚ್ಚಳ ತೆಗೆದು ಮೂಗು ಒಳಗೆ ಚಾಚಿದ. "ಏನ್ ಅಣ್ಣಾರ, ಇದು ಗಾಡಿನೋ ದರ್ಗಾನೋ? ಲೋಬಾನದ ಧೂಪ ಹಾಕೀರೇನು?"

ಬೆಲ್ಟಿನ ಅಂಚಿಗೆ ಹಳದಿ ಗಂಟುಗಳು ಅಂಟಿದ್ದವು. ಹಿಂದಿನ ಕ್ಲಚ್ಚಿನ ಬಟ್ಟಲಿನೊಳಗೂ ಅದೇ ಅಂಟು, ಕಪ್ಪಾಗಿ ಮೆತ್ತಿಕೊಂಡಿತ್ತು. ಗಂಡ ಒಂದು ಗಂಟನ್ನು ಉಗುರಿನಿಂದ ಕಿತ್ತು ಮೂಸಿದರು. ಆ ವಾಸನೆ ನನಗೂ ಗೊತ್ತು. ಗಿರಣಿಯ ಪಟ್ಟಾ, ಅಂದರೆ ಬೆಲ್ಟು, ಜಾರಿದಾಗಲೆಲ್ಲ ಹಿಡಿತ ಬರಲೆಂದು ಅವರು ಅದಕ್ಕೆ ರಾಳದ ತುಂಡು ಹಿಡಿಯುತ್ತಾರೆ.

"ನಾನೇ ಹಚ್ಚೇನಿ," ಎಂದರು ಗಂಡ. "ಹೋದ ವಾರ ಏರಿನ್ಯಾಗ ಬರೇ ಒದರತಿತ್ತು, ಏರತಿದ್ದಿಲ್ಲ. ಬೆಲ್ಟ್ ಜಾರತದ ಅಂತ ತಿಳಿದೆ."

"ಜಾರತಿತ್ತು ಖರೇ. ಸವದೈತಿ ನೋಡ್ರಿ. ಬೆಲ್ಟ್ ಬದಲಿ ಮಾಡೂದು ಬಿಟ್ಟು ರಾಳ ತಿನಿಸೀರಿ. ಕಾವಿಗೆ ಕರಗಿ ಕ್ಲಚ್ಚಿಗೆ ಸಿಡಿದದ. ಗಿರಣಿ ಪಟ್ಟಾ ಬಿಡಬಾರ್ದು, ಇದು ಬಿಡಬೇಕು."

ಗಂಡ ನನ್ನ ಕೆನ್ನೆಯ ಗೀರು ನೋಡಿದರು. ಹೊಸ ಬೆಲ್ಟ್ ಹಾಕಿಸಿ, ಕ್ಲಚ್ ತಿಕ್ಕಿಸಿದ ಮೇಲೆ ಮನೆಗೆ ಬಂದು ತಾಯಿಯ ಮುಂದೆ ನಿಂತು ಹೇಳಿದರು: "ಯವ್ವಾ, ಆಕಿ ಎಕ್ಸಿಲೇಟರ್ ಬಿಟ್ಟಿದ್ದಳು. ನಾ ಮಾಡಿದ್ದು ಅದು."

"ಇರಬೇಕಪ್ಪ," ಎಂದರು ಅತ್ತೆ. "ನಾ ಮಾತ್ರ ಬಸ್ಸಿಗೇ ಹೋಗತೇನಿ."

ಗಾಡಿ ಉಳಿಯಿತು. ಈಗಲೂ ಶಾಲೆಗೆ ಹೊರಡುವ ಮೊದಲು ಸ್ಟ್ಯಾಂಡ್ ಹಾಕಿ, ಚಾಲೂ ಮಾಡಿ, ಬ್ರೇಕ್ ಹಿಡಿಯುತ್ತೇನೆ. ಗಾಲಿ ನಿಲ್ಲುತ್ತದೆ, ಇಂಜಿನ್ ನಡೆಯುತ್ತಿರುತ್ತದೆ. ಗಿರಣಿಗೆ ಹೊರಟ ಗಂಡ ಬಾಗಿಲಲ್ಲೇ ನಿಂತಿರುತ್ತಾರೆ; ಆ ಸದ್ದು ಕೇಳಿದ ಮೇಲೆಯೇ ಚಪ್ಪಲಿ ಮೆಟ್ಟುತ್ತಾರೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕಂಡರೆ ನಾನು ಇನ್ನೂ ದೂರದಲ್ಲೇ ಎಕ್ಸಿಲೇಟರ್ ಬಿಟ್ಟು, ಕ್ಲಚ್ಚೂ ಬಿಡುತ್ತದೆಯೇ ಎಂದು ನೋಡುತ್ತೇನೆ.